ನಲವತ್ತೇಳು ತಪ್ಪುಗಳ ಗಗನಧೀರ

ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಮುದ್ರಣಾಲಯದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕರಡು ತಿದ್ದುತ್ತೇನೆ. ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. (ನನ್ನದೇ ಮದುವೆಯ ಆಮಂತ್ರಣ ಪತ್ರಿಕೆಯನ್ನು ತಿದ್ದಿ ಮಾವನವರ ಕೈಗೆ ವಾಪಸು ಕೊಟ್ಟವನು ನಾನು. ಆ ಮನೆಯಲ್ಲಿ ಅದನ್ನು ಇನ್ನೂ ಯಾರೂ ಮರೆತಿಲ್ಲ.) ಅದೇ ಪೆನ್ನು ನನ್ನ ಸಂಸಾರಕ್ಕೆ ಕೊಳ್ಳಿ ಇಟ್ಟ ಕಥೆಯನ್ನು ನಿಮ್ಮ ಹತ್ತಿರವಾದರೂ ಹೇಳಿಕೊಳ್ಳುತ್ತೇನೆ. ಮನೆಯಲ್ಲಂತೂ ಕೇಳುವವರಿಲ್ಲ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ನಾನು ಕೆಲಸದಿಂದ ಬಂದ ಮೇಲೆ, ಅವಳು ಪಾಳಿಗೆ ಹೊರಡುವ ಮುಂಚೆ, ನಮ್ಮಿಬ್ಬರಿಗೂ ಒಟ್ಟಿಗೆ ಸಿಗುವುದು ಸಂಜೆಯ ಒಂದೇ ಒಂದು ಗಂಟೆ. ಆ ಗಂಟೆಯಲ್ಲಿ ಸೋಫಾದ ಮೇಲೆ ಅಕ್ಕಪಕ್ಕ ಕೂತು ‘ಗಗನಧೀರ’ ಎಂಬ ವಿಡಿಯೋ ಗೇಮ್ ಆಡುತ್ತಿದ್ದೆವು. ಅವಳು ಗಗನಧೀರ, ನಾನು ಅವನ ಸಹಾಯಕ. (ಮನೆಯಲ್ಲೂ ವ್ಯವಸ್ಥೆ ಅದೇ ಆದ್ದರಿಂದ ಅಭ್ಯಾಸಕ್ಕೇನೂ ತೊಂದರೆಯಾಗಲಿಲ್ಲ.) ಆರು ವರ್ಷ ಕಾಯಿಸಿ, ಕೊನೆಗೂ ಅದರ ಎರಡನೇ ಭಾಗ ಬಂತು.

ಆಟ ಮಜವಾಗಿತ್ತು, ಸುಳ್ಳು ಹೇಳಬಾರದು. ಕಟ್ಟಡದಿಂದ ಕಟ್ಟಡಕ್ಕೆ ಹಾರುವಾಗ ಹೊಟ್ಟೆಯಲ್ಲಿ ಕಚಗುಳಿ ಇಟ್ಟಂತಾಗುತ್ತಿತ್ತು. ಆದರೆ ತಪ್ಪುಗಳೋ, ಅಯ್ಯೋ ದೇವರೇ. ಬೆಂಕಿಯಿಂದ ಎತ್ತಿ ತಂದ ಮುದುಕಿ ಮೊದಲು ಧನ್ಯವಾದ ಹೇಳಿ, ಆಮೇಲೆ “ಕಾಪಾಡಿ” ಎಂದು ಕೂಗುತ್ತಿದ್ದಳು. ಖಳನಾಯಕ ಸತ್ತ ಮೇಲೂ ಭಾಷಣ ನಿಲ್ಲಿಸುತ್ತಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಒಂದು ಕಂದು ನಾಯಿ. ಬೀದಿಯಲ್ಲಿರಬೇಕಾದದ್ದು ಆಕಾಶದಲ್ಲಿ, ಕಾಲು ಮೇಲೆ ಬೆನ್ನು ಕೆಳಗೆ ಮಾಡಿಕೊಂಡು, ಗಗನಧೀರನ ಹಿಂದೆ ಹಿಂದೆಯೇ ನಡೆದು ಬರುತ್ತಿತ್ತು.

“ಎಂಥ ಅಧ್ವಾನ,” ಎಂದು ನಾನು ಪೆನ್ನು ತೆಗೆದೆ.

“ಪೆನ್ನು ಒಳಗಿಡಿ. ಎಷ್ಟು ಮುದ್ದಾಗಿದೆ, ಅದರ ಪಾಡಿಗೆ ಅದಿರಲಿ ಬಿಡ್ರೀ.”

“ನಾಯಿ ತಲೆಕೆಳಗಾಗಿ ನಡೀತಿದೆ ಕಣೇ.”

“ನೀವೂ ಹಾಗೇ ಅಲ್ವಾ? ಕಾಲು ನೆಲದ ಮೇಲಿಲ್ಲ, ಆದ್ರೂ ನನ್ನ ಹಿಂದೆ ಬರೋದು ಬಿಟ್ಟಿಲ್ಲ.”

ಅಂದಿನಿಂದ ನಾಯಿಗೆ ‘ಯಜಮಾನ್ರು’ ಎಂದೇ ಹೆಸರಾಯಿತು. ಹಿಂದಿನ ಪಾಳಿಯಲ್ಲಿ ಎಷ್ಟೇ ನೊಂದು ಬಂದಿದ್ದರೂ, ಅದನ್ನು ಕಂಡೊಡನೆ ಅವಳು ನಗುತ್ತಿದ್ದಳು.

ನಗುವ ಹೆಂಡತಿಯ ಪಕ್ಕದಲ್ಲಿ ತೆಪ್ಪಗೆ ಕೂರುವುದು ಬಿಟ್ಟು, ಇರಲಾರದೆ ಇರುವೆ ಬಿಟ್ಟುಕೊಂಡೆ. ಊಟದ ವಿರಾಮದಲ್ಲಿ ಕೂತು, ಆಟ ತಯಾರಿಸಿದ ಕಂಪನಿಗೆ ಪತ್ರ ಬರೆದೆ. ಒಟ್ಟು ನಲವತ್ತೇಳು ತಪ್ಪು. ಪುಟ, ಸಾಲಿನ ಬದಲು ಬೀದಿ, ಕಟ್ಟಡ ನಮೂದಿಸಿದ್ದೆ. ಹನ್ನೆರಡನೆಯದು: ‘ತಲೆಕೆಳಗಾದ ನಾಯಿಯನ್ನು ತೆಗೆದುಹಾಕುವುದು.’ ಯಾರಾದರೂ ಓದುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮುದ್ರಣಾಲಯದಲ್ಲೇ ನನ್ನ ತಿದ್ದುಪಡಿ ಅರ್ಧಕ್ಕರ್ಧ ಯಾರೂ ಹಾಕುವುದಿಲ್ಲ.

ಮೂರು ವಾರ ಕಳೆದು ಒಂದು ಸಂಜೆ ಆಟ ಹಾಕಿದಾಗ, ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಪ್ರಕಟಣೆ: ನಲವತ್ತೇಳು ದೋಷಗಳನ್ನು ಸರಿಪಡಿಸಲಾಗಿದೆ. ಕೆಳಗೆ ಉದ್ದದ ಪಟ್ಟಿ. ಅದರ ಕೆಳಗೆ ವಿಶೇಷ ಕೃತಜ್ಞತೆ, ಇನಿಷಿಯಲ್ ಸಮೇತ ನನ್ನ ಹೆಸರು. ನನ್ನ ಎದೆ ಉಬ್ಬಿತು, ಒಂದೇ ಒಂದು ನಿಮಿಷ.

ಅವಳು ಅದನ್ನೆಲ್ಲ ಓದದೆ ಆಟಕ್ಕಿಳಿದು ಹಾರಿದಳು. ತಿರುಗಿ ನೋಡಿದಳು. ಆಕಾಶ ಖಾಲಿ.

“ಯಜಮಾನ್ರು ಎಲ್ಲಿ?”

“ಇಲ್ಲೇ ಇದ್ದೀನಲ್ಲ,” ಎಂದೆ.

“ನಿಮ್ಮನ್ನಲ್ಲ ಕೇಳಿದ್ದು.”

ಪ್ರಕಟಣೆಯನ್ನು ಮತ್ತೆ ತೆರೆದು ಹನ್ನೆರಡನೆಯ ಸಾಲು ಓದಿದಳು. ಆಮೇಲೆ ನನ್ನ ಹೆಸರನ್ನೂ ಓದಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ಪಾಳಿಗೆ ಒಂದು ಗಂಟೆ ಮುಂಚೆಯೇ ಹೊರಟುಹೋದಳು.

ಮರುದಿನವೂ ಹಾಗೇ ಹೊರಟಳು. ಹತ್ತು ದಿನ ಆ ಸೋಫಾದ ಮೇಲೆ ನಾನೊಬ್ಬನೇ, ಒಂದೂ ತಪ್ಪಿಲ್ಲದ ನಗರವನ್ನು ನೋಡುತ್ತಾ ಕೂತೆ. ಮುದುಕಿ ಸಮಯಕ್ಕೆ ಸರಿಯಾಗಿ ಕೂಗುತ್ತಿದ್ದಳು. ಖಳನಾಯಕ ಸತ್ತೊಡನೆ ಬಾಯಿ ಮುಚ್ಚುತ್ತಿದ್ದ. ಅಷ್ಟು ಬೇಜಾರಿನ ಆಟವನ್ನು ನಾನು ಜನ್ಮದಲ್ಲಿ ಆಡಿಲ್ಲ. ಅಳುವೇ ಬಂತು, ಮುಚ್ಚುಮರೆ ಏಕೆ?

ಹನ್ನೊಂದನೆಯ ದಿನ ಅವಳು ಬಂದು ಪಕ್ಕದಲ್ಲಿ ಕೂತಳು. ಹೋದ ಜೀವ ಬಂದಂತಾಯಿತು.

“ನಾನೂ ಒಂದು ಪತ್ರ ಬರ್ದೆ,” ಎಂದಳು. “ನಿಮ್ಮನ್ನ ತಯಾರು ಮಾಡಿದವರಿಗೆ. ನಲವತ್ತೇಳು ತಪ್ಪು.” ಮಡಿಲಲ್ಲಿ ಆ ಪಟ್ಟಿಯ ಪ್ರತಿ ಇತ್ತು. ಫೋನನ್ನು ಮೇಜಿನ ಮೇಲಿಟ್ಟಳು. ಸ್ಪೀಕರಿನಲ್ಲಿ ನಮ್ಮಮ್ಮ.

“ಪತ್ರ ಓದ್ದೆ ಕಣಮ್ಮ. ಒಂದಕ್ಷರ ಸುಳ್ಳಿಲ್ಲ. ಆದ್ರೆ ರಿಪೇರಿ ನಮ್ಮ ಕೈಲಾಗಲ್ಲ.”

“ವಾಪಸ್ಸಾದ್ರೂ ತಗೋತೀರಾ, ಅತ್ತೆ?”

“ಬೇಡಮ್ಮ, ಮನೇಲಿ ಒಂದೇ ಸಾಕಾಗಿದೆ. ನಿನ್ನ ಹತ್ರ ಇರೋದು ಎರಡನೇ ಭಾಗ. ಈ ತಪ್ಪೆಲ್ಲ ಮೊದಲನೇ ಭಾಗದಲ್ಲೂ ಇದೆ. ನಲವತ್ತು ವರ್ಷದಿಂದ ನಾನು ಸಂಭಾಳಿಸ್ತಿಲ್ವಾ?”

ಹಿಂದಿನಿಂದ ಅಪ್ಪನ ಧ್ವನಿ ಕೇಳಿಸಿತು: “ನಲವತ್ತಲ್ಲ, ನಲವತ್ತೊಂದು.”

ಹೆಂಡತಿಯ ತುಟಿಯಂಚಿನಲ್ಲಿ ನಗು ಕಾಣಿಸಿತು. ಹನ್ನೊಂದು ದಿನದಲ್ಲಿ ಅದೇ ಮೊದಲು. ಆಗ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು.

“ನಲವತ್ತೊಂದೂವರೆ, ಅಪ್ಪಾ,” ಎಂದೆ.

ಅವಳು ನನ್ನ ಜೇಬಿನಿಂದ ಕೆಂಪು ಪೆನ್ನು ಎಳೆದುಕೊಂಡು, ಪಟ್ಟಿಯ ಕೊನೆಯಲ್ಲಿ ನಲವತ್ತೆಂಟು ಎಂದು ಬರೆದಳು.