ಗೋಡೆ ಗಡಿಯಾರದ ಆರು ನಿಮಿಷ

ವಾದದಲ್ಲಿ ಸೋಲುವ ಸೂಚನೆ ಕಂಡ ಕೂಡಲೇ ಕಾನೂನಿನ ಮಾತೆತ್ತುವುದು ನನ್ನ ಹಳೆಯ ಚಟ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ‘ನಿಯಮದ ಪ್ರಕಾರ’ ಎಂದೇ ಶುರುಮಾಡುತ್ತೇನೆ. ಹೆಂಡತಿ ತಟ್ಟೆ ಎತ್ತಿಕೊಂಡು ಹೋಗುತ್ತಾಳೆ. ಅವಳಿಂದ ಬಾರದ ಬುದ್ಧಿ ಕಳೆದ ವರ್ಷ ಮೂಗೂರಿನ ಪುಟ್ಟತಾಯಮ್ಮನವರಿಂದ ಬಂತು.

ನಾನು ನಂಜನಗೂಡಿನಿಂದ ದಿನಾ ತಿ. ನರಸೀಪುರಕ್ಕೆ ಹೋಗಿಬರುವ ಸರ್ಕಾರಿ ಗುಮಾಸ್ತ. ಕಚೇರಿ ಮುಚ್ಚುವುದು ಸಂಜೆ ಐದೂವರೆಗೆ, ನಂಜನಗೂಡಿನ ಬಸ್ಸು ಹೊರಡುವುದೂ ಐದೂವರೆಗೇ. ಆದ್ದರಿಂದ ಒಂದು ದಿನ, ಯಾರೂ ಇಲ್ಲದ ಹೊತ್ತು ನೋಡಿ, ಸ್ಟೂಲು ಹತ್ತಿ ಗೋಡೆ ಗಡಿಯಾರವನ್ನು ಆರು ನಿಮಿಷ ಮುಂದಕ್ಕೆ ತಿರುಗಿಸಿಟ್ಟಿದ್ದೆ.

ಕಚೇರಿ ಆವರಣದ ಕ್ಯಾಂಟೀನು ನಡೆಸಲು ಮಹಿಳಾ ಸಂಘಗಳಿಂದ ಅರ್ಜಿ ಕರೆದಿದ್ದರು; ಗಡುವು ಕೊನೆಯ ದಿನ ಕಚೇರಿ ಮುಚ್ಚುವವರೆಗೆ. ಆ ಸಂಜೆ ನಾನು ಅರ್ಜಿ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದಾಗ ಪುಟ್ಟತಾಯಮ್ಮ ತಮ್ಮ ಸಂಘದ ಅರ್ಜಿ ಹಿಡಿದು ಏದುಸಿರು ಬಿಡುತ್ತಾ ಬಂದರು.

“ಟೈಮ್ ಆಯ್ತು ಕಣಮ್ಮ,” ಎಂದು ಗೋಡೆ ತೋರಿಸಿದೆ.

ಅವರು ಫೋನು ತೋರಿಸಿದರು. “ಎಲ್ಲಾಯ್ತು ಸಾ? ಇನ್ನೂ ಐದು ಇಪ್ಪತ್ನಾಕು. ಕೊನೇ ಸಹಿಗೆ ಬನ್ನೂರ್‌ಗಂಟ ಓಗ್ಬಂದಿವ್ನಿ. ಅತ್ತು ಜನ ಎಂಗಸ್ರು ಇದನ್ನೇ ನಂಬ್ಕಂಡವ್ರೆ.”

“ಕಾನೂನಿನ ಪ್ರಕಾರ ಕಚೇರಿ ಗಡಿಯಾರವೇ ಅಂತಿಮ,” ಎಂದೆ.

“ಯಾವ ಕಾನೂನು ಸಾ? ವಸಿ ತೋರ್ಸಿ.”

ಇಷ್ಟು ವರ್ಷದಲ್ಲಿ ಹೀಗೆ ಕೇಳಿದವರೇ ಇರಲಿಲ್ಲ. ಹಟಕ್ಕೆ ಬಿದ್ದು ನನ್ನ ಫೋನಿನಲ್ಲಿ ಹುಡುಕತೊಡಗಿದೆ. ಇಂಗ್ಲೆಂಡಿನ ಕಾನೂನು ಇಂದಿಗೂ ಗ್ರೀನ್‌ವಿಚ್ಚಿನ ಸರಾಸರಿ ಸಮಯವನ್ನೇ ಹಿಡಿದುಕೊಂಡಿದೆ. ಜರ್ಮನಿಯವರು ಪರಮಾಣು ಗಡಿಯಾರಗಳ ವಿಶ್ವ ಸಮಯಕ್ಕೆ ಒಂದು ಗಂಟೆ ಕೂಡಿಸಿಕೊಳ್ಳುತ್ತಾರೆ, ಬೇಸಿಗೆಯಲ್ಲಿ ಎರಡು. ನೇಪಾಳದವರು ನಮಗಿಂತ ಕಾಲು ಗಂಟೆ ಮುಂದು. ನಮ್ಮದು ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದ ಲೆಕ್ಕ, ವಿಶ್ವ ಸಮಯಕ್ಕಿಂತ ಐದೂವರೆ ಗಂಟೆ ಮುಂದು. ಇಷ್ಟು ದೇಶ ಸುತ್ತಿದರೂ ಗುಮಾಸ್ತನ ಗೋಡೆ ಗಡಿಯಾರದ ಪ್ರಸ್ತಾಪ ಎಲ್ಲೂ ಸಿಗಲಿಲ್ಲ. ಅಷ್ಟರಲ್ಲಿ ಪುಟ್ಟತಾಯಮ್ಮನವರ ಫೋನಿನಲ್ಲೂ ಐದೂವರೆಯಾಯಿತು.

“ನೋಡಿ, ಈಗ ನಿಮ್ಮ ಲೆಕ್ಕದಲ್ಲೂ ಆಯ್ತು!” ಎಂದುಬಿಟ್ಟೆ. ಅವರ ಮುಖ ಬಾಡಿದ್ದು ನೋಡಿದ ಮೇಲೆ, ಗೆದ್ದೆ ಎನ್ನಿಸಲಿಲ್ಲ.

ಗದ್ದಲ ಕೇಳಿ ನಮ್ಮ ಅಧಿಕಾರಿ ಮೇಡಂ ಹೊರಗೆ ಬಂದರು. ಗೋಡೆ ನೋಡಿದರು, ತಮ್ಮ ಕೈಗಡಿಯಾರ ನೋಡಿದರು, ಕೊನೆಗೆ ನನ್ನನ್ನು ನೋಡಿದರು. “ಈ ಗಡಿಯಾರ ಮುಂದಿಟ್ಟೋರು ಯಾರ್ರೀ?”

ಸೆಲ್ಲು ವೀಕಾಗಿರಬಹುದು ಎನ್ನಲು ಬಾಯಿ ತೆರೆದೆ. ವೀಕಾದ ಸೆಲ್ಲಿಗೆ ಗಡಿಯಾರ ಹಿಂದೆ ಬೀಳುತ್ತದೆಯೇ ಹೊರತು ಮುಂದೆ ಓಡುವುದಿಲ್ಲ ಎಂಬುದು ಆಗ ಹೊಳೆಯಿತು.

“ನಾನೇ ಮೇಡಂ. ಬಸ್ಸಿಗೋಸ್ಕರ,” ಎಂದೆ. “ಆಯಮ್ಮ ಟೈಮಿಗೆ ಸರಿಯಾಗೇ ಬಂದ್ರು. ತಡ ಮಾಡಿದ್ದು ನಾನು.”

ಮೇಡಂ ಬೀಗ ತೆಗೆಸಿ ಅರ್ಜಿ ಹಾಕಿಸಿದರು. ಬಸ್ಸು ಹೋಗಿತ್ತು. ನಿಲ್ದಾಣದಲ್ಲಿ ಪುಟ್ಟತಾಯಮ್ಮನವರೇ ಟೀ ಕೊಡಿಸಿ, “ಬುಡಿ ಸಾ, ನಿಜ ಏಳುದ್ರಲ್ಲ,” ಎಂದರು. ನನಗೆ ಬೈದಿದ್ದರೇ ವಾಸಿಯಿತ್ತು.

ಕ್ಯಾಂಟೀನು ಅವರ ಸಂಘಕ್ಕೇ ಸಿಕ್ಕಿತು. ನನಗೆ ಸಿಕ್ಕಿದ್ದು ಒಂದು ಆದೇಶ: ದಿನಾ ಬೆಳಿಗ್ಗೆ ಕಚೇರಿ ತೆರೆಯುವ ಹತ್ತು ಗಂಟೆಗೆ ಸರಿಯಾಗಿ ಗಡಿಯಾರವನ್ನು ದೇಶದ ಸಮಯದೊಂದಿಗೆ ತಾಳೆ ನೋಡಿ, ಒಂದು ಪುಸ್ತಕದಲ್ಲಿ ಹೊತ್ತು ನಮೂದಿಸಿ ಸಹಿ ಹಾಕತಕ್ಕದ್ದು. ಆ ಪುಸ್ತಕದ ಮೊದಲ ಪುಟದ ಮೊದಲ ಸಾಲು ಇವತ್ತಿಗೂ ನನ್ನ ಕೈಬರಹದಲ್ಲೇ ಇದೆ: ‘ಹತ್ತು ಗಂಟೆ ಹದಿನೇಳು ನಿಮಿಷ. ಗಡಿಯಾರ ಸರಿಯಾಗಿದೆ.’