ಚೀನಾದ ಹುಡುಗಿಗೆ ನಾನು ಮಾಡಿಸಿದ ಮದುವೆ

ಚೀನೀ ಭಾಷೆಯಲ್ಲಿ ನನ್ನ ಪಾಂಡಿತ್ಯ ಸೊನ್ನೆ. ಆದರೆ ಅದು ಗುಂಡ್ಲುಪೇಟೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ!

ಹಿಂದೀ-ಚೀನೀ ಭಾಯಿ ಭಾಯಿ ಎಂದು ದೇಶವೆಲ್ಲ ಕೂಗುತ್ತಿದ್ದ ಕಾಲ. ಚಾಮರಾಜನಗರದ ಟೆಂಟ್ ಸಿನಿಮಾ ಸಾಹುಕಾರರು ನಮ್ಮೂರಿಗೆ ಎಲ್ಲಿಂದಲೋ ಒಂದು ಚೀನೀ ಚಿತ್ರ ತಂದರು. ರಾಜರ ಕಾಲದ ಪ್ರೇಮಕತೆ; ಹುಡುಗಿಯ ಅಪ್ಪ ಒಪ್ಪುವುದಿಲ್ಲ. ಸಾಹುಕಾರರಿಗೆ ತಿಳಿದಿದ್ದುದೂ ಇಷ್ಟೇ.

"ಮೇಷ್ಟ್ರೇ, ಮೈಕಲ್ಲಿ ಜನಕ್ಕೆ ಕತೆ ಬುಡಿಸಿ ಹೇಳಕಾದದಾ?"

"ಅದಕ್ಕೇನು!" ಎಂದೆ.

ಇದರ ಹಿಂದೆ ನನ್ನದೊಂದು ಘನವಾದ ಉದ್ದೇಶವಿತ್ತು. ಭೀಮನಬೀಡಿನ ಪಟೇಲರ ಮಗಳು ಗೌರಿಯನ್ನು ಮದುವೆಯಾಗಲು ನಾನು ಹಂಬಲಿಸುತ್ತಿದ್ದೆ. ಸಂತೆಯಲ್ಲಿ ಕಂಡರೆ ಅವಳು ನಗುತ್ತಿದ್ದಳು. ಪಟೇಲರು ಮಾತ್ರ, ತುಂಡು ಹೊಲವಿಲ್ಲದ ಮೇಷ್ಟ್ರಿಗೆ ಹೆಣ್ಣು ಕೊಡುವುದಿಲ್ಲವೆಂದು ಹಠ ಹಿಡಿದಿದ್ದರು. ಅವರನ್ನು ಮಗಳ ಸಮೇತ ಮೊದಲ ಆಟಕ್ಕೆ ಕರೆಸಿ, ಚೀನಾದ ಅಪ್ಪನ ನೆಪದಲ್ಲಿ ಬುದ್ಧಿ ಹೇಳುವುದು ನನ್ನ ಯೋಜನೆ.

ಪರದೆಯ ಮೇಲೆ ಅಪ್ಪ ಗುಡುಗಿದಾಗಲೆಲ್ಲ ನಾನು ಮೈಕಿನಲ್ಲಿ ಅವನಿಗೆ ಛೀಮಾರಿ ಹಾಕಿದೆ. "ಹೊಲ ದೊಡ್ಡದೋ, ಮಗಳ ಮನಸ್ಸು ದೊಡ್ಡದೋ?" ಎಂದು ಕೇಳಿದೆ. ಪಾಪ, ಆ ಚೀನಾದವನು ಹೊಲದ ಮಾತೇ ಎತ್ತಿರಲಿಕ್ಕಿಲ್ಲ! ಮುಂದಿನ ಕುರ್ಚಿಯಲ್ಲಿದ್ದ ಪಟೇಲರು ಕಣ್ಣೊರೆಸಿಕೊಂಡರು. ಇಂಟರ್‌ವಲ್‌ನಲ್ಲಿ ನನ್ನ ಬಳಿಗೇ ಬಂದರು.

"ಕರ್ಳು ಚುರುಕ್ ಅಂತು ಕಣ್ ಮೇಷ್ಟ್ರೇ. ಕೂಸು ಹೂಂ ಅಂದ್ರೆ ನಂದೂ ಹೂಂ."

ಅಲ್ಲಿಗೇ ನನಗೆ ಗಂಟಲು ಕಟ್ಟಬಾರದಿತ್ತೇ! ಇಲ್ಲ, ಇನ್ನಷ್ಟು ತೆರೆದುಕೊಂಡಿತು.

ಪರದೆಯ ಮೇಲೆ ಮೆರವಣಿಗೆ ಬಂತು. ಮುಂದೆ ವಾದ್ಯ, ನಡುವೆ ಬಿಳಿ ಉಟ್ಟ ಹುಡುಗಿ. ನಮ್ಮ ಸೀಮೆಯಲ್ಲಿ ಧಾರೆಗೆ ಹೆಣ್ಣು ಉಡುವುದು ಬಿಳಿ ಸೀರೆಯನ್ನೇ. ಇನ್ನು ಅನುಮಾನವೇನು?

"ಅಪ್ಪ ಒಪ್ಪಿದ! ಧಾರೆ ಸೀರೆ ಉಟ್ಟು ಮದುವಣಗಿತ್ತಿ ಬರುತ್ತಿದ್ದಾಳೆ! ಮುಖ ಮುಚ್ಚಿಕೊಂಡು ಹೇಗೆ ನಾಚುತ್ತಿದ್ದಾಳೆ ನೋಡಿ!"

ಗಂಡಸರು ಚಪ್ಪಾಳೆ ತಟ್ಟಿದರು. ಒಬ್ಬರಂತೂ ತಿನ್ನುತ್ತಿದ್ದ ಕಡ್ಲೆಪುರಿಯನ್ನೇ ಅಕ್ಷತೆಯಾಗಿ ಎರಚಿದರು. ಹೆಂಗಸರ ಕಡೆ ಮಾತ್ರ ಏಕೋ ಸದ್ದಿಲ್ಲ. ಅಷ್ಟರಲ್ಲಿ ಉದ್ದನೆಯ ಮರದ ಪೆಟ್ಟಿಗೆಯೊಂದನ್ನು ಹೊತ್ತು ತಂದರು.

"ಬಳುವಳಿ ಪಾತ್ರೆಗಳು!" ಎಂದು ಸಾರಿದೆ.

ಮುಚ್ಚಳ ತೆಗೆದರು. ಒಳಗೆ ಮದುಮಗ ಮಲಗಿದ್ದ!

ಹುಡುಗಿ ಪೆಟ್ಟಿಗೆಯ ಮೇಲೆ ಬಿದ್ದು ಗೋಳಾಡಿದಳು. ಚೀನಾದಲ್ಲಿ ಬಿಳಿ ಉಡುವುದು ಸಾವಿಗೆ ಎಂದು ನನಗೇನು ಗೊತ್ತು!

"ಯಾಕ್ ಮೇಷ್ಟ್ರೇ ಸುಮ್ಕಾಗ್ಬುಟ್ರಿ? ಗಂಡ್ಗೆ ನಿದ್ದೆ ಬಂದ್ಬುಡ್ತಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಸಾಹುಕಾರರು ಬಂದು ಮೈಕ್ ಕಿತ್ತುಕೊಂಡರು.

ಆಟ ಮುಗಿದೊಡನೆ ಪಟೇಲರ ಗಾಡಿಯ ಬಳಿಗೆ ಓಡಿದೆ.

"ನಾ ಆಡಿದ್ ಮಾತು ತಪ್ಪಕಿಲ್ಲ ಕಣ್ ಮೇಷ್ಟ್ರೇ," ಎಂದರು ಪಟೇಲರು. "ಕೂಸೇ ಬ್ಯಾಡ ಅಂತದೆ."

"ಯಾಕೆ ಗೌರೀ?"

ಗಾಡಿಯೊಳಗಿಂದ ಗೌರಿ ನನ್ನನ್ನು ನೋಡಿದಳು. ನಗಲಿಲ್ಲ.

"ಅವ್ಳು ಮಕ ಮುಚ್ಕಂಡು ಅಳ್ತಿದ್ಲು. ನಮ್ ಹೆಂಗಸ್ರಿಗೆಲ್ಲ ಗೊತ್ತಾಯ್ತು. ನೀವು ನಾಚ್ಕತಾವ್ಳೆ ಅಂದ್ರಿ. ನಾಳೆ ನಾ ಅತ್ರೆ ಏನಂತೀರಿ?"

ಗಾಡಿ ಹೊರಟುಹೋಯಿತು. ಚೀನಾದ ಪ್ರೇಮಕ್ಕೆ ಅಡ್ಡ ಬಂದವನು ಹುಡುಗಿಯ ಅಪ್ಪ. ನನ್ನ ಪ್ರೇಮಕ್ಕೆ ಹುಡುಗಿಯೇ ಅಡ್ಡ ಬಂದಳು! ನಿಜ ಹೇಳಬೇಕೆಂದರೆ, ತುಂಬ ಸಂಕಟವಾಯಿತು.

ಮರುದಿನ ಮೈಕಿಲ್ಲದೆ ಆಟ ನಡೆಯಿತು. ಜನ ಕಿಕ್ಕಿರಿದು ಬಂದು, ಅಳಬೇಕಾದಲ್ಲೆಲ್ಲ ಸರಿಯಾಗಿ ಅತ್ತರು. ನಾನೂ ನೆಲದ ಟಿಕೆಟ್ ಕೊಂಡು, ಮರಳಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಪಕ್ಕದವನು ಹೆಗಲು ತಟ್ಟಿದ. "ಅಂತೂ ನಿಮ್ಗೂ ಅರ್ಥ ಆಯ್ತಲ್ಲ ಬುಡಿ ಮೇಷ್ಟ್ರೇ!"