ಸೋಮವಾರ ಉಪವಾಸ ಮಾಡುವ ನಾಯಿ

ದನದ ದವಾಖಾನೆಯ ಡಾಕ್ಟರಿಗೆ ನಗು ಬರುವುದೆಲ್ಲ ನಗಬಾರದ ಹೊತ್ತಿನಲ್ಲೇ. ಎದುರಿಗೆ ನಿಂತವರ ಕಣ್ಣಲ್ಲಿ ನೀರು ತುಂಬಿರುತ್ತದೆ, ನಾವು ತುಟಿ ಕಚ್ಚಿಕೊಂಡು ನಿಂತಿರುತ್ತೇವೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಅಂತ ವರ್ಗವಾದಲ್ಲೆಲ್ಲ ನನಗೆ ಈ ಪಾಡು ತಪ್ಪಲಿಲ್ಲ.

ತೊಂಬತ್ತರ ದಶಕದಲ್ಲಿ ನಮ್ಮ ಬಾಗಿಲಿಗೆ ಬರುತ್ತಿದ್ದುದು ಎತ್ತು, ಎಮ್ಮೆ, ಕುರಿ. ನಾಯಿ, ಬೆಕ್ಕು ತರುವವರು ಕಡಿಮೆ. ತಂದರೂ ಕೈಮೀರಿದ ಮೇಲೆ. "ಸುಮ್ಕ ಮಲಗಿತ್ರಿ, ಮುನಿಸಿಕೊಂಡೈತಿ ಅಂತ ಬಿಟ್ಟಿದ್ವಿ" ಎನ್ನುವರು. ಹಾಗೆ ತಡವಾಗಿ ಬಂದ ನಾಯಿಯೊಂದು ನನ್ನ ಮೇಜಿನ ಮೇಲೇ ಪ್ರಾಣ ಬಿಟ್ಟಿತು. ಅಂದಿನಿಂದ ಸಿಕ್ಕವರಿಗೆಲ್ಲ ಹೇಳತೊಡಗಿದೆ: ಮೂಗು ನೋಡ್ರಿ, ಮೈಬಣ್ಣ ನೋಡ್ರಿ, ಉಣ್ಣುತ್ತೋ ಇಲ್ಲೋ ನೋಡ್ರಿ, ಕಡೆಗೆ ಅದರ ಹೇಲೂ ನೋಡ್ರಿ. ಕಡೆಯ ಮಾತಿಗೆ ಎಲ್ಲರೂ ಮುಖ ತಿರುಗಿಸಿ ನಗುತ್ತಿದ್ದರು. ಉಳಿದವನ್ನು ನಾನು ಹೇಳಿದ್ದಕ್ಕಿಂತ ಹೆಚ್ಚಾಗಿಯೇ ಪಾಲಿಸಿದರು.

ಒಣಗಿದ ಮೂಗು

ಹರಪನಹಳ್ಳಿಯ ಚಹಾದಂಗಡಿಯವನೊಬ್ಬ ಓಡಿಬಂದ. "ಸಾರ್, ನಮ್ಮ ನಾಯಿ ಮೂಗು ಒಣಗೈತೆ. ನೀರು ಹಚ್ಚಿದೆ, ಕೊಬ್ರಿ ಎಣ್ಣೆ ಹಚ್ಚಿದೆ, ಮತ್ತೆ ಒಣಗ್ತೈತೆ!"

"ಉಣ್ಣುತ್ತಾ?"

"ಗಿರಾಕಿ ಕೈಯಾಗಿನ ಬನ್ನೂ ಬಿಡಲ್ಲ ಸಾರ್."

"ಓಡಾಡುತ್ತಾ?"

"ಬನ್ನು ಕಿತ್ಕೊಂಡು ಓಡೋದೇ ಅದು."

ಹೋಗಿ ನೋಡಿದೆ. ನಾಯಿ ಧಗಧಗ ಉರಿಯುವ ಒಲೆಯ ಬಾಯಿಗೆ ಮುಖ ಕೊಟ್ಟು ಸುಖವಾಗಿ ಮಲಗಿತ್ತು. ಬರೀ ಮೂಗು ಒಣಗಿದರೆ ರೋಗವಲ್ಲ, ಜೊತೆಗೆ ಊಟ ಬಿಟ್ಟು ಮಂಕಾಗಿದ್ದರೆ ಮಾತ್ರ ಚಿಂತೆ ಅಂತ ಬಿಡಿಸಿ ಹೇಳಿದೆ. "ಒಲೆಗೂ ಇದಕ್ಕೂ ಸ್ವಲ್ಪ ದೂರ ಮಾಡು, ಸಾಕು" ಅಂದೆ.

ಅವನು ಒಲೆಯನ್ನೂ ನಾಯಿಯನ್ನೂ ಬಹಳ ಹೊತ್ತು ನೋಡಿ ತಲೆ ಕೆರೆದುಕೊಂಡ. "ಕಷ್ಟ ಸಾರ್. ಒಲೆ ಸಿಮೆಂಟ್ ಹಾಕಿ ಕಟ್ಟಿಸೀನಿ."

ಕಾಮಾಲೆ

ಕಾನಹೊಸಹಳ್ಳಿಯಿಂದ ಗಂಡ ಹೆಂಡತಿ ಬುಟ್ಟಿಯಲ್ಲಿ ಬಿಳಿ ಬೆಕ್ಕು ತಂದರು. ಬೆಕ್ಕಿನ ಹೊಟ್ಟೆ, ಗದ್ದ ಎಲ್ಲ ಹಳದಿ.

"ಕಾಮಾಲಿ ಆಗೈತ್ರಿ" ಅಂದಳು ಹೆಂಡತಿ. "ಪಥ್ಯ ಮಾಡಾಕತ್ತೀವಿ. ಉಪ್ಪಿಲ್ಲ, ಖಾರಿಲ್ಲ, ಎಣ್ಣಿ ಇಲ್ಲ. ಬರೀ ಮಜ್ಜಿಗಿ ಅನ್ನ."

ಬೆಕ್ಕು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಸಡು, ಕಣ್ಣು, ಕಿವಿಯ ಒಳಗು ನೋಡಿದೆ. ಗುಲಾಬಿ ಬಣ್ಣ, ಏನೂ ದೋಷವಿಲ್ಲ. ಕಾಮಾಲೆಯಾದರೆ ಮೊದಲು ಅಲ್ಲೇ ಹಳದಿಯಾಗಬೇಕು. ಹೊಟ್ಟೆಗೆ ಒದ್ದೆ ಹತ್ತಿ ಒತ್ತಿ ಎಳೆದೆ. ಹತ್ತಿಗೆ ಬಣ್ಣ ಬಂತು, ಬೆಕ್ಕು ಬೆಳ್ಳಗಾಯಿತು.

"ಅಮ್ಮಾ, ಇದು ಎಲ್ಲಿ ಮಲಗುತ್ತೆ?"

"ಹೊಸ್ತಿಲ ಮ್ಯಾಲ್ರಿ. ಶುಕ್ರವಾರ ನಾನು ಹೊಸ್ತಿಲಿಗೆ ಅರಿಷಿಣ ಹಚ್ಚೋದೇ ತಡ, ತಂಪೈತಂತ ಬಂದು ಬೋರಲ ಬೀಳತೈತಿ…" ಅನ್ನುತ್ತ ಅವಳೇ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಅಲ್ಲಿಯವರೆಗೆ ಮೂಲೆಯಲ್ಲಿ ನಿಂತಿದ್ದ ಗಂಡ ಮುಂದೆ ಬಂದ. ಮುಖ ಸೊರಗಿತ್ತು. "ಹಂಗಾರ ಕಾಮಾಲಿ ಅಲ್ಲೇನ್ರಿ?"

"ಅಲ್ಲಪ್ಪ. ಪಥ್ಯ ಬಿಡಿಸು."

"ನನಗೂ ಬಿಡಿಸ್ರಿ ಸಾರ್! ಅಂಟಿಕೊಂಡೀತು ಅಂತ ಬೆಕ್ಕಿನ ಜೋಡಿ ನನಗೂ ಮಜ್ಜಿಗಿ ಅನ್ನನೇ ಹಾಕಾಕತ್ಯಾಳ. ಬಸ್‌ಸ್ಟ್ಯಾಂಡಿನಾಗ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದ್ರ ನಡಿತೈತೇನ್ರಿ?"

ಅಜ್ಜಿ ಮತ್ತು ಮೋತಿ

ಕೊಟ್ಟೂರಿನಲ್ಲಿ ಒಬ್ಬ ಅಜ್ಜಿ ಇದ್ದರು. ಬೆಳ್ಳುಳ್ಳಿಯನ್ನೂ ಮುಟ್ಟದ ಮನೆ. ಪ್ರತಿ ಸೋಮವಾರ ಉಪವಾಸ. ಅವರ ನಾಯಿ ಮೋತಿಯೂ ಸೋಮವಾರ ಅನ್ನ ಮೂಸುತ್ತಿರಲಿಲ್ಲ. ಓಣಿಯ ಹೆಂಗಸರು ಅಂದು ಅದಕ್ಕೆ ಕೈ ಮುಗಿದೇ ಮುಂದೆ ಹೋಗುತ್ತಿದ್ದರು. ಊಟ ಬಿಟ್ಟರೆ ತೋರಿಸಿ ಎಂದು ನಾನು ಹೇಳಿದ್ದಕ್ಕೆ ಅಜ್ಜಿ, "ಅದು ರೋಗಲ್ಲ ಯಪ್ಪಾ, ಭಕ್ತಿ" ಅಂದಿದ್ದರು.

ಒಂದು ವಾರ ಆ ಭಕ್ತಿ ಮಂಗಳವಾರಕ್ಕೂ ಬುಧವಾರಕ್ಕೂ ಮುಂದುವರಿಯಿತು. ಮೋತಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅಜ್ಜಿ, ಅವರ ಸೊಸೆ ಬಂದರು. "ಇದು ಉಣ್ಣೋಮಟ ನಮ್ಮತ್ತಿ ತಾವೂ ಉಣ್ಣಲ್ಲ ಅಂತ ಕುಂತಾರ್ರಿ, ಏನರ ಮಾಡ್ರಿ" ಅಂತ ಸೊಸೆ ಅಳುಮುಖ ಮಾಡಿದಳು. ಅಜ್ಜಿಗೆ ನಿಲ್ಲಲೂ ತ್ರಾಣವಿರಲಿಲ್ಲ.

"ನೀವು ಹೇಳಿದ್ರಲ್ಲ, ಹೇಲು ನೋಡಿದ್ನಿ ಯಪ್ಪಾ" ಅಂದರು ಅಜ್ಜಿ. "ತಿಣುಕತೈತಿ, ಬರವಲ್ದು. ಚೂರು ಬಂದ್ರ ಸುಣ್ಣದಂಗ ಬೆಳ್ಳಗ, ಗಟ್ಟಿ."

ಊರೆಲ್ಲ ನಕ್ಕ ಮಾತನ್ನು ಈ ಅಜ್ಜಿಯೊಬ್ಬರೇ ಕೇಳಿದ್ದರು! ಸಂತೋಷಪಡುವ ಹೊತ್ತಾಗಿರಲಿಲ್ಲ. ಮೋತಿಯ ಹೊಟ್ಟೆ ಒತ್ತಿ ನೋಡಿದೆ, ಒಳಗೆ ಕಲ್ಲು ತುಂಬಿದಂತಿತ್ತು. ಕಾರಣ ಹೊಳೆಯಿತು, ಅಜ್ಜಿಗೆ ಹೇಳಲು ಬಾಯಿ ಬರಲಿಲ್ಲ. ಎನಿಮಾಕ್ಕೆ ಬಗ್ಗದಿದ್ದರೆ ಹೊಟ್ಟೆ ಕೊಯ್ಯಬೇಕು, ಅದಕ್ಕೆ ನನ್ನಲ್ಲಿ ಅನುಕೂಲವಿಲ್ಲ. ಬೆಚ್ಚನೆಯ ಸೋಪಿನ ನೀರು ಏರಿಸಿ, ಅಂಗಳದ ಬೇವಿನ ಮರದಡಿ ಬಿಟ್ಟೆವು. ಅಜ್ಜಿ ಕಣ್ಣು ಮುಚ್ಚಿ ಶಿವನಾಮ ಹಿಡಿದರು. ನಾನು ಕಣ್ಣು ಬಿಟ್ಟುಕೊಂಡೇ ಹಿಡಿದೆ.

ಮೋತಿ ಸುತ್ತಿತು, ಕುಕ್ಕರಿಸಿತು, ನರಳಿತು. ಮತ್ತೆ ಸುತ್ತಿತು. ಕಡೆಗೆ ಬೇವಿನ ಬುಡದಲ್ಲಿ ಎಲ್ಲ ಇಳಿಯಿತು. ಬಾಲ ಅಲ್ಲಾಡಿತು, ಬೋಗುಣಿಯ ನೀರು ಲೊಚಲೊಚ ಕುಡಿಯಿತು. ಅಜ್ಜಿ ಗಳಗಳ ಅತ್ತರು. ನನಗೂ ಹೋದ ಜೀವ ಬಂದಂತಾಯಿತು.

ಆದರೆ ನಾನು ಕಲಿಸಿದ ಪಾಠ ಅವರು ಮರೆತಿರಲಿಲ್ಲ. ನೆಟ್ಟಗೆ ಬೇವಿನ ಬುಡಕ್ಕೆ ಹೋಗಿ ಬಗ್ಗಿ ನೋಡಿದರು.

"ಇದೇನು ಯಪ್ಪಾ, ಚೂರು ಚೂರು?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಎಲುಬು ಅಜ್ಜಿ. ನಿಮ್ಮ ಹಿಂದಿನ ಓಣ್ಯಾಗ ಆದಿತ್ಯವಾರ ಬಾಡಿನಡಿಗಿ ಮಾಡ್ತಾರಲ್ಲ… ಅಲ್ಲಿ ಹೊಟ್ಟಿ ಬಿರಿ ತಿಂದು, ಸೋಮವಾರ ನಿಮ್ಮನ್ಯಾಗ ಬ್ಯಾಡ ಅಂತೈತಿ."

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ನನಗೆ ಮಾತ್ರ ದಿಗಿಲು. ಜೀವ ಉಳಿದ ನಾಯಿಗೆ ಈಗ ಮನೆ ತಪ್ಪುತ್ತದಲ್ಲ!

ಅಜ್ಜಿ ಮೋತಿಯ ಮುಖವನ್ನೇ ನೋಡುತ್ತ ನಿಂತರು. ಮೋತಿ ಬಾಲ ಅಲ್ಲಾಡಿಸುತ್ತಲೇ ಇತ್ತು.

"ತಿಂದಿದ್ದು ಆದಿತ್ಯವಾರ, ಹೌದಿಲ್ಲೋ?" ಅಂದರು ನನಗೆ.

"ಹೌದು ಅಜ್ಜಿ."

"ಸೋಮವಾರ ಮುಟ್ಟಿಲ್ಲಲ್ಲ?"

"ಇಲ್ಲ."

"ಮತ್ತ? ಉಪಾಸ ಖರೇನ ಐತಿ" ಅಂತ ಸೊಸೆಯ ಕಡೆ ಒಮ್ಮೆ ಗುರ್ ಎಂದು ನೋಡಿ, ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡರು. "ನಡಿಯೋ ಮೋತಿ, ಹೊತ್ತಾತು. ಇಬ್ರೂ ಉಣ್ಣಾನು."